ಓಡುವವರ ಬಟ್ಟೆಗೆ ಗಂಜಿ

ಫುಟ್ಬಾಲ್ ನನಗೆ ಹಿಡಿಸಿದ ಆಟವೇ ಅಲ್ಲ. ಇಪ್ಪತ್ತೆರಡು ಮಂದಿ ಒಂದು ಚೆಂಡಿನ ಹಿಂದೆ ಓಡಿ, ಬಿದ್ದು, ಹುಲ್ಲಿನ ಮೇಲೆ ಜಾರಿ ಅಂಗಿ ಚಡ್ಡಿ ಹಾಳು ಮಾಡಿಕೊಳ್ಳುತ್ತಾರೆ. ಬಟ್ಟೆ ಒಗೆದೇ ಹೊಟ್ಟೆ ಹೊರೆಯುವವನು ಅದನ್ನು ಕುಳಿತು ನೋಡಿ ಚಪ್ಪಾಳೆ ತಟ್ಟಬೇಕೆಂದರೆ ಹೇಗೆ? ಹುಲ್ಲಿನ ಕಲೆ ತೆಗೆಯುವುದು ಎಂಥ ತಲೆನೋವು ಎಂದು ಆಡುವವರಿಗೇನು ಗೊತ್ತು. ಆದರೂ ಇರಾಕಿನಲ್ಲಿ ಯುದ್ಧ ಶುರುವಾದ ಆ ವರ್ಷ, ಒಂದು ಫುಟ್ಬಾಲ್ ತಂಡ ಗೆಲ್ಲಲಿ ಎಂದು ನಾನು ಊರಿನ ದೇವರಿಗೂ ದೈವಗಳಿಗೂ ಬೇರೆ ಬೇರೆಯಾಗಿ ಹರಕೆ ಹೇಳಿಕೊಂಡೆ. ಆ ತಂಡದ ಯಾರ ಮುಖವೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅಂಗಿಯ ನಂಬರು ಮಾತ್ರ ಗೊತ್ತಿತ್ತು.

ನಾನು ಆಗ ದುಬೈಯ ದೇರಾದಲ್ಲಿ ಒಂದು ಮಧ್ಯಮ ದರ್ಜೆಯ ಹೋಟೆಲಿನ ಲಾಂಡ್ರಿ ಸೂಪರ್‌ವೈಸರ್. ಊರಲ್ಲಿ ನಮ್ಮದು ಬಟ್ಟೆ ಒಗೆಯುವ ಮನೆ. ಉಡುಪಿಯ ಹತ್ತಿರ, ಹೊಳೆಯ ಬದಿಯಲ್ಲಿ. ಅಮ್ಮ ಏಳೆಂಟು ಮನೆಗಳ ಬಟ್ಟೆ ಒಗೆದು, ನೀಲಿ ಹಾಕಿ, ಗಂಜಿ ಹಾಕಿ, ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ತೀಡಿ, ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಮನೆಮನೆಗೆ ಮುಟ್ಟಿಸುತ್ತಿದ್ದಳು. ನಾನು ವಿಮಾನ ಹತ್ತಿ ಬಂದು ಮಾಡಿದ್ದೂ ಅದೇ ಕೆಲಸ. ಕಲ್ಲಿನ ಬದಲು ಮಷಿನು, ಹೊಳೆಯ ಬದಲು ನೆಲಮಾಳಿಗೆ. ಹತ್ತು ವರ್ಷ ಇಸ್ತ್ರಿ ತಿಕ್ಕಿದ ಮೇಲೆ ಸೂಪರ್‌ವೈಸರ್ ಆದೆ. ಆ ಪದವಿಯಿಂದ ನನಗೆ ಸಿಕ್ಕಿದ ನಿಜವಾದ ಲಾಭ ಒಂದೇ: ಫ್ಯಾಮಿಲಿ ವೀಸಾ. ಸಾದಾ ಇಸ್ತ್ರಿಯವನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಅವಕಾಶವಿರಲಿಲ್ಲ.

ಹೆಂಡತಿ, ಮಗಳು ಬಂದು ಆರು ತಿಂಗಳಾಗಿತ್ತಷ್ಟೇ. ಅಲ್ ನಹ್ದಾದಲ್ಲಿ ಶಾರ್ಜಾ ಗಡಿಗೆ ತಾಗಿದಂತಿದ್ದ ಕಟ್ಟಡದಲ್ಲಿ ಒಂದು ರೂಮು, ಒಂದು ಅಡಿಗೆಮನೆ. ಮಗಳಿಗೆ ಐದು ವರ್ಷ. ಅವಳು ಹುಟ್ಟಿದಾಗ ನಾನು ಇಲ್ಲಿದ್ದೆ. ಅವಳಿಗೆ ಒಂದು ವರ್ಷವಾದಾಗ ಒಮ್ಮೆ, ಮೂರು ವರ್ಷವಾದಾಗ ಒಮ್ಮೆ ರಜೆಯಲ್ಲಿ ಹೋಗಿ ನೋಡಿದ್ದೆ. ಉಳಿದ ದಿನಗಳಲ್ಲಿ ನಾನೆಂದರೆ ಅವಳಿಗೆ ಫೋನಿನೊಳಗಿನ ಒಂದು ದನಿ. ಏರ್‌ಪೋರ್ಟಿನಲ್ಲಿ ಎತ್ತಿಕೊಳ್ಳಲು ಕೈ ಚಾಚಿದರೆ ಅಮ್ಮನ ಸೆರಗಿನ ಹಿಂದೆ ಹೋಗಿ, "ಇವರಾ ಫೋನಪ್ಪ?" ಎಂದು ಕೇಳಿದಳು. ಅವಳಿಟ್ಟ ಹೆಸರು ಅದು. ಹೆಂಡತಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ, ಆದರೆ ಟ್ಯಾಕ್ಸಿಯಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಕಿಟಕಿಯ ಹೊರಗೇ ನೋಡುತ್ತಾ ಬಂದೆ.

ವಿಚಿತ್ರವೆಂದರೆ, ದುಬೈಗೆ ಬಂದ ಮೇಲೂ ಅವಳು ನನ್ನ ಹತ್ತಿರ ಮಾತಾಡುತ್ತಿದ್ದುದು ಫೋನಿನಲ್ಲಿ ಮಾತ್ರ. ನಾನು ಎದುರಿಗಿದ್ದರೆ ಬಾಯಿಗೆ ಬೀಗ. ಅನ್ನ ಬೇಕಾ ಎಂದರೆ ತಲೆ ಅಲ್ಲಾಡಿಸುತ್ತಿದ್ದಳು. ಅದೇ ನಾನು ಸಂಜೆ ನಾಲ್ಕು ಗಂಟೆಗೆ ಚಹಾದ ಹೊತ್ತಿನಲ್ಲಿ ಹೋಟೆಲಿನಿಂದ ಫೋನು ಮಾಡಿದರೆ, ಅವಳೇ ಓಡಿಬಂದು ಎತ್ತಿ ಸ್ಕೂಲಿನ ಕಥೆ, ಲಿಫ್ಟಿನ ಕಥೆ, ಬಾಲ್ಕನಿಗೆ ಬರುವ ಪಾರಿವಾಳದ ಕಥೆ ಎಲ್ಲ ಒದರುತ್ತಿದ್ದಳು. ಎರಡು ಗಂಟೆ ಕಳೆದು ನಾನು ಬಾಗಿಲು ತೆರೆದು ಒಳಗೆ ಬಂದರೆ, ಅಮ್ಮನ ನೈಟಿಯ ಹಿಂದೆ ಎರಡು ಕಣ್ಣು.

"ಫೋನಿಗೇ ಒಂದು ಪ್ಯಾಂಟು ಶರ್ಟು ಹೊಲಿಸಿ ಮಾರಾಯ್ರೆ, ಅದನ್ನೇ ಅಪ್ಪ ಅಂತ ಕೂರಿಸುವ" ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು. ಅವಳ ತಮಾಷೆಗೆ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ನಾನು ಇಸ್ತ್ರಿ ಮಾಡುವವನು. ಆ ಆರು ತಿಂಗಳು ನಮ್ಮ ಮನೆಯ ತಲೆದಿಂಬಿನ ಚೀಲಗಳಿಗೂ ನೆರಿಗೆ ಇರಲಿಲ್ಲ.

ಹಾಗಿರುವಾಗ ಯುದ್ಧ ಬಂತು. ಬಾಂಬು ಬಿದ್ದದ್ದು ದೂರದಲ್ಲಿ. ನಮ್ಮ ಬೀದಿಯಲ್ಲಿ ಶವರ್ಮಾ ಅಂಗಡಿಯವನು ಎಂದಿನಂತೆ ಮಾಂಸ ಕೊಯ್ಯುತ್ತಲೇ ಇದ್ದ, ಸ್ಕೂಲು ಬಸ್ಸು ಎಂದಿನಂತೆ ತಡವಾಗಿಯೇ ಬರುತ್ತಿತ್ತು. ಆದರೆ ಹೋಟೆಲಿಗೆ ಬರುವವರು ನಿಂತರು. ಯುರೋಪಿನ ಗುಂಪುಗಳು ಒಂದೊಂದಾಗಿ ರದ್ದಾದವು. ಎಂಟು ಮಾಳಿಗೆಯಲ್ಲಿ ಐದಕ್ಕೆ ಬೀಗ ಬಿತ್ತು. ಮಾಳಿಗೆಗಳಿಂದ ಲಾಂಡ್ರಿಗೆ ದಿನಕ್ಕೆ ರಾಶಿ ರಾಶಿ ಬೆಡ್‌ಶೀಟು ಬೀಳುತ್ತಿದ್ದ ಕೊಳವೆಯಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ನಾಲ್ಕು ಟವೆಲು ಬಿದ್ದರೆ ಪುಣ್ಯ.

ಮ್ಯಾನೇಜರ್ ನನ್ನನ್ನು ಕರೆಸಿ ಕೂರಿಸಿದ. ಅವನು ಕೂರಲು ಹೇಳಿದನೆಂದರೆ ಒಳ್ಳೆಯ ಸುದ್ದಿಯಲ್ಲ. ಲಾಂಡ್ರಿಯನ್ನು ಮುಚ್ಚುವುದು, ಇರುವ ಅಲ್ಪಸ್ವಲ್ಪ ಬಟ್ಟೆಯನ್ನು ಹೊರಗೆ ಕೊಡುವುದು, ನಮ್ಮನ್ನೆಲ್ಲ ಲಾಂಗ್ ಲೀವ್ ಎಂಬ ಹೆಸರಿನಲ್ಲಿ ಊರಿಗೆ ಕಳಿಸುವುದು ಎಂದು ತೀರ್ಮಾನವಾಗಿತ್ತು. ಲಾಂಗ್ ಲೀವ್ ಹೋದವನು ವಾಪಸು ಬಂದದ್ದನ್ನು ನಾನು ಕಂಡಿಲ್ಲ. ವೀಸಾ ಮುಗಿಯುತ್ತದೆ. ಮತ್ತೆ ಬರಬೇಕೆಂದರೆ ಬೇರೆ ಎಲ್ಲೋ ಸಾದಾ ಇಸ್ತ್ರಿಯವನಾಗಿ, ಒಬ್ಬನೇ ಬರಬೇಕು. ಮಗಳು ಊರಲ್ಲಿ, ನಾನು ಮತ್ತೆ ಫೋನಿನೊಳಗೆ. ಇನ್ನೊಂದು ಐದು ವರ್ಷವಾದರೆ ಅವಳಿಗೆ ನನ್ನ ನೆನಪೂ ಇರುವುದಿಲ್ಲ.

ಆಗ ಅವನು ಇನ್ನೊಂದು ಮಾತು ಸೇರಿಸಿದ. ಉತ್ತರದ ಗುಡ್ಡಗಳ ಕಡೆಯ ಒಂದು ಸಣ್ಣ ಫುಟ್ಬಾಲ್ ಕ್ಲಬ್ಬು ನಮ್ಮ ಹೋಟೆಲಿಗೆ ಬಂದು ಇಳಿಯುತ್ತದಂತೆ. ದೇಶದ ಕಪ್ಪಿಗಾಗಿ ನಡೆಯುವ ಪಂದ್ಯಾವಳಿಯಲ್ಲಿ ಅದು ಹೇಗೋ ಕೊನೆಯ ಎಂಟು ತಂಡಗಳೊಳಗೆ ಬಂದಿತ್ತು. ಕ್ಲಬ್ಬಿನ ಯಜಮಾನರೂ ನಮ್ಮ ಹೋಟೆಲಿನ ಯಜಮಾನರೂ ಗೆಳೆಯರು. ಹೇಗೂ ರೂಮು ಖಾಲಿ. ಮೂವತ್ತು ಮಂದಿ, ದಿನಕ್ಕೆ ಎರಡು ಹೊತ್ತು ಅಭ್ಯಾಸ, ಎರಡು ಹೊತ್ತು ಕೊಳೆಬಟ್ಟೆ.

"ಟೀಮ್ ಇರುವವರೆಗೆ ಲಾಂಡ್ರಿ ಇರುತ್ತದೆ" ಎಂದ ಮ್ಯಾನೇಜರ್. "ಟೀಮ್ ಸೋತ ದಿನ, ಖಲಾಸ್."

ಸೋತರೆ ಹೊರಗೆ, ಅಷ್ಟೇ ಆ ಆಟದ ನಿಯಮ. ಅವರಿಗೂ ಅದೇ, ನನಗೂ ಅದೇ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಚೆನ್ನಾಗಿ ಯೋಚನೆ ಮಾಡಿ, "ಹಾಗಾದ್ರೆ ನಮ್ಮ ಟಿಕೆಟು ಯಾರದ್ದೋ ಕಾಲಲ್ಲಿ ಉಂಟು ಅಂತಾಯ್ತು" ಎಂದಳು. ಕಣ್ಣೀರು ಗಿಣ್ಣೀರು ಇಲ್ಲ. ಮರುದಿನ ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದು ಒರೆಸಿ ಇಟ್ಟಳು. ನಾನು ಅದನ್ನು ಕಾಲಿನಿಂದ ಮತ್ತೆ ಒಳಗೆ ತಳ್ಳಿದೆ. ಮುಂದಿನ ದಿನಗಳಲ್ಲಿ ಆ ಸೂಟ್‌ಕೇಸು ಮಂಚದ ಕೆಳಗೆ ಹೋಗುವುದೂ ಬರುವುದೂ ನಡೆದೇ ಇತ್ತು.

ತಂಡದ ಬಟ್ಟೆಬರೆ, ಬೂಟು, ಚೆಂಡುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಸುಡಾನಿನ ಒಬ್ಬ ಮುದುಕ. ಉದ್ದ ಆಳು, ನಡೆದರೆ ಬಾಗಿಲಿಗೆ ತಲೆ ತಾಗುತ್ತಿತ್ತು. ಪ್ರತಿದಿನ ಎರಡು ದೊಡ್ಡ ಚೀಲ ಹೊತ್ತು ನೆಲಮಾಳಿಗೆಗೆ ಇಳಿದು ಬರುತ್ತಿದ್ದ. ಅರಬ್ಬಿ, ಹಿಂದಿ, ಇಂಗ್ಲಿಷು ಮೂರನ್ನೂ ಕಲಸಿ ಮಾತು. ಮೊದಲ ದಿನವೇ ನಾನು ಚಡ್ಡಿಯ ಹುಲ್ಲಿನ ಕಲೆ ತೆಗೆದು ಕೊಟ್ಟದ್ದನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಬೆನ್ನಿಗೊಂದು ಹೊಡೆದ. ಅದು ಮೆಚ್ಚುಗೆಯೆಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಾವು ದಿನಾ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವು.

ಎಂಟರ ಘಟ್ಟದ ಪಂದ್ಯವನ್ನು ಮನೆಯಲ್ಲಿ ಟಿ.ವಿ.ಯಲ್ಲಿ ನೋಡಿದೆ. ಒಂದು ಚಾನೆಲ್ಲಿನಲ್ಲಿ ಟ್ಯಾಂಕುಗಳು, ಇನ್ನೊಂದರಲ್ಲಿ ನಾನು ಒಗೆದ ಅಂಗಿಗಳು. ಮಗಳು ಗೋಡೆಯ ಹತ್ತಿರ ನಿಂತಿದ್ದಳು. ನಾನು ಪರದೆಯತ್ತ ಬೆರಳು ತೋರಿಸಿ, "ಆ ಏಳು ನಂಬರಿನ ಅಂಗಿಯ ಕಂಕುಳು ಹರಿದಿತ್ತು, ನಿನ್ನೆ ನಾನೇ ಹೊಲಿದದ್ದು" ಎಂದು ಯಾರಿಗೂ ಅಲ್ಲದಂತೆ ಹೇಳಿದೆ. ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಒಂಬತ್ತಕ್ಕೆ ಕೆಚಪ್ ಕಲೆ." ಇನ್ನೊಂದು ಹೆಜ್ಜೆ. ಪಂದ್ಯ ಮುಗಿದು ನಮ್ಮವರು ಒಂದು ಗೋಲಿನಿಂದ ಗೆದ್ದಾಗ ಅವಳು ಸೋಫಾದ ಇನ್ನೊಂದು ತುದಿಯಲ್ಲಿ ಕುಳಿತಿದ್ದಳು. ನಾನು ಅವಳ ಕಡೆ ತಿರುಗಲಿಲ್ಲ. ತಿರುಗಿದರೆ ಗುಬ್ಬಿಯ ಹಾಗೆ ಹಾರಿಹೋದಾಳು ಎಂಬ ಹೆದರಿಕೆ.

ಸೆಮಿಫೈನಲಿಗೆ ಹತ್ತು ದಿನವಿತ್ತು. ಕ್ಲಬ್ಬಿನವರು ಹೊಸ ಅಂಗಿಗಳಿಗೆ ಎಲ್ಲೋ ಹೊರದೇಶಕ್ಕೆ ಆರ್ಡರ್ ಕೊಟ್ಟಿದ್ದರು. ಯುದ್ಧದಿಂದ ಸರಕಿನ ವಿಮಾನಗಳ ವೇಳಾಪಟ್ಟಿ ಬುಡಮೇಲಾಗಿ ಅದು ಬರಲೇ ಇಲ್ಲ. ಇದ್ದ ಸೆಟ್ಟಿನಲ್ಲಿ ಮೂರು ಅಂಗಿ ಹೊಲಿಯಲಾಗದಷ್ಟು ಹರಿದಿದ್ದವು. ಪಂದ್ಯಕ್ಕೆ ಎರಡು ದಿನವಿರುವಾಗ ಮುದುಕ ಕ್ಲಬ್ಬಿನ ಗೋದಾಮಿನಿಂದ ಎಷ್ಟೋ ವರ್ಷ ಹಳೆಯ ಒಂದು ಸೆಟ್ಟು ತಂದ. ಬಿಳಿಯ ಹತ್ತಿಯ ಅಂಗಿಗಳು, ಕಾಲರು ಇದ್ದವು. ಇಟ್ಟಲ್ಲೇ ಇಟ್ಟು ಹಳದಿಯಾಗಿ, ಮೆತ್ತಗೆ, ನೆನೆದ ಹಪ್ಪಳದ ಹಾಗೆ ಜೋತುಬಿದ್ದಿದ್ದವು. "ರಫೀಕ್, ಏನಾದರೂ ಮಾಡು" ಎಂದ. ಅರಬ್ಬಿಯಲ್ಲಿ ಗೆಳೆಯನನ್ನು ಕರೆಯುವುದೇ ಹಾಗೆ.

ಅದೇ ಸಂಜೆ ಊರಿನಿಂದ ಅಮ್ಮನ ಫೋನು. ಯುದ್ಧದ ಸುದ್ದಿ ಕೇಳಿ ಅವಳು ವಾರಕ್ಕೊಮ್ಮೆ ಪಕ್ಕದ ಮನೆಗೆ ಹೋಗಿ ಫೋನು ಮಾಡುತ್ತಿದ್ದಳು. ನಾನು ಬಾಂಬಿನ ಮಾತು ತಪ್ಪಿಸಲು ಹತ್ತಿಯ ಅಂಗಿಗಳ ಕಥೆ ಹೇಳಿದೆ.

"ದೊಡ್ಡ ಆಟವಾ?" ಎಂದು ಕೇಳಿದಳು.

"ದೊಡ್ಡದೇ ಅಮ್ಮಾ."

"ಹಾಗಾದ್ರೆ ಗಂಜಿ ಹಾಕದೆ ಕೊಡ್ಬೇಡ ಮಗಾ. ಮದುವೆ ದಿನ, ದೈವದ ನೇಮದ ದಿನ ಗಂಜಿಯಿಲ್ಲದ ಬಟ್ಟೆ ನಮ್ಮ ಮನೆಯಿಂದ ಯಾವತ್ತಾದ್ರೂ ಹೋದದ್ದುಂಟಾ?"

ಇಲ್ಲ, ಹೋದದ್ದಿಲ್ಲ. ಮನೆತನದ ಮಾತು ಬಂದರೆ ನನಗೆ ಬುದ್ಧಿ ಕೆಲಸ ಮಾಡುವುದಿಲ್ಲ. ಹೋಟೆಲಿನ ಗಂಜಿಪುಡಿ ಮುಗಿದಿತ್ತು. ಸೋಪು ಬಿಟ್ಟು ಬೇರೇನೂ ತರಿಸಬಾರದೆಂದು ಮ್ಯಾನೇಜರನ ಆಜ್ಞೆ. ಹಾಗಾಗಿ ಮನೆಯಲ್ಲೇ ಬೇಯಿಸುವುದೆಂದಾಯಿತು. ನಾವು ಉಣ್ಣುವ ಕುಚ್ಚಲಕ್ಕಿಯ ಗಂಜಿ ಬಿಳಿ ಬಟ್ಟೆಗೆ ಆಗುವುದಿಲ್ಲ, ಕೆಂಪು ಹೊಡೆಯುತ್ತದೆ. ಅಂಗಡಿಯಿಂದ ಬಿಳಿಯ ಬೆಳ್ತಿಗೆ ಅಕ್ಕಿ ತಂದು ಹೆಂಡತಿ ದೊಡ್ಡ ಪಾತ್ರೆಯಲ್ಲಿ ಮುದ್ದೆಯಾಗುವವರೆಗೆ ಬೇಯಿಸಿ, ನನ್ನ ಹಳೆಯ ಪಂಚೆಯಲ್ಲಿ ಸೋಸಿ, ಅಡಿಗೆ ಎಣ್ಣೆಯ ಕ್ಯಾನಿಗೆ ತುಂಬಿಸಿದಳು. "ಗಂಜಿ ಹೊತ್ತುಕೊಂಡು ಡ್ಯೂಟಿಗೆ ಹೋಗುವ ಸೂಪರ್‌ವೈಸರ್ ದುಬೈಗೆ ನೀವೊಬ್ರೇ ಇರಬೇಕು" ಎಂದಳು. ನಾನು ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಅಂಗಿಗಳನ್ನು ಮೂರು ಸಲ ಒಗೆದೆ. ನೀಲಿ ಹಾಕಿದೆ. ಗಂಜಿಯನ್ನು ಅಮ್ಮನ ಹದಕ್ಕಿಂತ ಒಂದು ಕೈ ಗಟ್ಟಿಯಾಗಿಯೇ ಹಾಕಿದೆ, ಸೆಮಿಫೈನಲ್ ಅಲ್ಲವೇ. ನೀರು ಚಿಮುಕಿಸಿ ಒಂದೊಂದನ್ನೂ ನನ್ನ ಕೈಯಾರೆ ಇಸ್ತ್ರಿ ಮಾಡಿದೆ. ತೋಳಿನ ಮಡಿಕೆಯಲ್ಲಿ ಕೈ ಕೊಯ್ದುಕೊಳ್ಳಬಹುದಿತ್ತು. ಹ್ಯಾಂಗರಿಲ್ಲದೆಯೂ ನಿಲ್ಲುತ್ತಿದ್ದವು. ಮುದುಕ ನೋಡಿ ಬಾಯಿ ತೆರೆದು ನಿಂತ. ನಮ್ಮನ್ನು ಪಂದ್ಯಕ್ಕೆ ಕರೆಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟ.

ಹಾಗೆ ನಾವು ಮೂವರೂ ಸ್ಟೇಡಿಯಮ್ಮಿಗೆ ಹೋದೆವು. ಮಗಳು ನಡುವೆ, ಕೈಯಲ್ಲಿ ಚಿಪ್ಸು. ತಂಡ ಮೈದಾನಕ್ಕೆ ಇಳಿದಾಗ ನನ್ನ ಅಂಗಿಗಳು ಬಿಸಿಲಿಗೆ ಹೊಳೆದದ್ದನ್ನು ಈಗಲೂ ಕಣ್ಣಮುಂದೆ ತಂದುಕೊಳ್ಳಬಲ್ಲೆ. ನಮ್ಮ ಹಿಂದೆ ಕುಳಿತ ಒಬ್ಬ ಮುದಿ ಅರಬ್ಬಿ, ಮದುವೆ ದಿಬ್ಬಣ ಬಂದ ಹಾಗಿದೆ ಎಂದನಂತೆ. ಪಕ್ಕದವನು ಹಿಂದಿಯಲ್ಲಿ ಹೇಳಿದ. ನನಗೆ ಹೆಮ್ಮೆಯಿಂದ ಎದೆಯುಬ್ಬಿತು.

ಹತ್ತು ನಿಮಿಷವಾಗಿರಬೇಕು. ನಾಲ್ಕು ನಂಬರಿನವನು ಓಡುತ್ತಾ ಓಡುತ್ತಾ ಕುತ್ತಿಗೆ ಕೆರೆದುಕೊಂಡ. ಆಮೇಲೆ ಹನ್ನೊಂದು. ಆಮೇಲೆ, ಬೇರೆ ಅಂಗಿಯ ಗೋಲ್‌ಕೀಪರ್ ಬಿಟ್ಟು ಎಲ್ಲರೂ. ನನ್ನ ಕೈಯಿಂದ ಇಸ್ತ್ರಿಯಾದ ಬಟ್ಟೆ ಹಾಕಿದವರು ಕುಳಿತುಕೊಳ್ಳುತ್ತಾರೆ, ಉಣ್ಣುತ್ತಾರೆ, ಹೆಚ್ಚೆಂದರೆ ಎದ್ದು ಕೈಕುಲುಕುತ್ತಾರೆ. ಓಡುವವರ ಬಟ್ಟೆಗೆ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಗಂಜಿ ಹಾಕಿದವರಲ್ಲ. ಬೆವರು ಇಳಿದಂತೆಲ್ಲ ಗಂಜಿ ಕರಗಿ ಮತ್ತೆ ಗಂಜಿಯೇ ಆಯಿತು. ಅಂಗಿ ಬೆನ್ನಿಗೆ ಅಂಟಿತು, ಕಂಕುಳಲ್ಲಿ ಉಜ್ಜಿತು, ಕಾಲರು ಕುತ್ತಿಗೆ ಹಿಡಿಯಿತು. ಏಳು ನಂಬರಿನವನು ಚೆಂಡು ಬಂದ ಹೊತ್ತಿಗೇ ಎರಡೂ ಕೈಯಿಂದ ಅಂಗಿ ಬಿಡಿಸಿಕೊಳ್ಳುತ್ತಾ ನಿಂತಿದ್ದ. ಎದುರು ತಂಡದವರು ಅವನನ್ನು ದಾಟಿ ಹೋಗಿ ಗೋಲು ಹೊಡೆದರು.

"ಫೋನಪ್ಪಾ, ಅವರಿಗೆ ಮೈಯೆಲ್ಲ ಯಾಕೆ ತುರಿಸ್ತಾ ಉಂಟು?" ಎಂದು ಮಗಳು ಎಲ್ಲರಿಗೂ ಕೇಳುವಂತೆ ಕೇಳಿದಳು.

ನನ್ನ ಮುಖ ನೋಡಿ ಮೊದಲ ಸಲ ಅವಳಾಗಿಯೇ ಕೇಳಿದ ಪ್ರಶ್ನೆ ಅದು. ಅದಕ್ಕೆ ಉತ್ತರವೂ ನನ್ನ ಹತ್ತಿರ ಇತ್ತು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಳುತ್ತಿದ್ದಾಳೆಂದು ನೋಡಿದರೆ ನಗುತ್ತಿದ್ದಾಳೆ. "ಸೂಟ್‌ಕೇಸು ಇನ್ನು ಒಳಗೆ ತಳ್ಳುವುದು ಬೇಡ" ಎಂದಳು. ಯಾರದೋ ಯುದ್ಧ ನಮ್ಮನ್ನು ಊರಿಗೆ ಕಳಿಸುವುದು ಬೇರೆ, ನನ್ನ ಕೈಯಾರೆ ಹಾಕಿದ ಗಂಜಿ ಕಳಿಸುವುದು ಬೇರೆ. ಮಗಳ ಪುಟ್ಟ ಚಪ್ಪಲಿಗಳನ್ನೇ ನೋಡುತ್ತಾ ಕುಳಿತೆ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಬೇರೆ ಯಾವಾಗಲೂ ಆದದ್ದಿಲ್ಲ.

ವಿರಾಮ ಮುಗಿಸಿ ತಂಡ ಹೊರಗೆ ಬಂದಾಗ ಗೋಲ್‌ಕೀಪರ್ ಬಿಟ್ಟು ಹತ್ತು ಮಂದಿಯೂ ತೊಪ್ಪೆಯಾಗಿ ನೆನೆದಿದ್ದರು. ಅಂಗಿಯ ಅಂಚಿನಿಂದ ನೀರು ಸೋರುತ್ತಿತ್ತು. ಒಳಗೆ ನಡೆದದ್ದನ್ನು ಆಮೇಲೆ ಮುದುಕನೇ ಹೇಳಿದ. ಬದಲಾಯಿಸಲು ಬೇರೆ ಸೆಟ್ಟಿಲ್ಲ. ಅವನು ಎರಡು ಐಸ್ ಡಬ್ಬಗಳಿಂದ ನೀರಿನ ಬಾಟಲಿಗಳನ್ನೆಲ್ಲ ತೆಗೆದು, ಎಲ್ಲರ ಅಂಗಿ ಕಳಚಿಸಿ, ಕರಗಿದ ಐಸ್ ನೀರಿನಲ್ಲಿ ಅದ್ದಿ ತುಳಿದು ಗಂಜಿ ಬಿಡಿಸಿ, ಹಿಂಡಿ ಹಾಗೆಯೇ ಹಾಕಿಸಿದ್ದ. ಐಸ್ ನೀರಿನ ಅಂಗಿ ಮೈಮೇಲೆ ಬಿದ್ದಾಗ ಕೆಲವರು ಕಿರುಚಿದರಂತೆ.

ಏಪ್ರಿಲ್ಲಿನ ಸೆಕೆ. ಎದುರಿನವರು ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿದ್ದರೆ ನಮ್ಮವರು ಆಗತಾನೇ ಸ್ನಾನ ಮಾಡಿ ಬಂದವರ ಹಾಗೆ ಓಡಿದರು. ಏಳು ನಂಬರಿನವನು ಒಂದು ಗೋಲು ಹೊಡೆದ. ಕೊನೆಯ ಕೆಲವು ನಿಮಿಷಗಳಲ್ಲಿ ನಾಲ್ಕು ನಂಬರಿನವನ ತಲೆಗೆ ತಾಗಿ ಇನ್ನೊಂದು ಹೋಯಿತು. ನಾನು ಎದ್ದು ಏನೇನು ಕೂಗಿದೆನೋ ನನಗೆ ಗೊತ್ತಿಲ್ಲ. ಹೆಂಡತಿಯ ಪ್ರಕಾರ ದೈವದ ಹೆಸರುಗಳಂತೆ. ಕೂಗಿ ಮುಗಿಸಿ ಕುಳಿತಾಗ ಮಗಳು ನನ್ನ ತೊಡೆಯ ಮೇಲೆ ಇದ್ದಳು. ಅವಳೇ ಹತ್ತಿದಳೋ, ನಾನೇ ಎತ್ತಿಕೊಂಡೆನೋ, ಗೊತ್ತಾಗಲಿಲ್ಲ. ಅವಳ ಕೈಯ ಚಿಪ್ಸಿನ ಎಣ್ಣೆಯೆಲ್ಲ ನನ್ನ ಶರ್ಟಿಗೆ ಆಗಿತ್ತು. ಆ ಕಲೆಯನ್ನು ನಾನು ಬೇಗ ತೆಗೆಯಲಿಲ್ಲ.

ಮರುದಿನ ಮುದುಕ ಚೀಲ ತಂದು ಇಳಿಸಿ, ಒಂದು ಅಂಗಿ ತೆಗೆದು ಕಾಲರಿಗೆ ಬೆರಳು ಒತ್ತಿ, ಬೆರಳನ್ನು ನಾಲಿಗೆಗೆ ತಾಗಿಸಿದ. "ರೈಸ್?" ಎಂದ.

ಸುಳ್ಳು ಹೇಳುವ ಮುಖ ನನಗಿಲ್ಲ. ಎಲ್ಲವನ್ನೂ ಹೇಳಿದೆ. ಅಮ್ಮ, ಹೊಳೆ, ಮದುವೆಯ ಬಟ್ಟೆ, ಲಾಂಡ್ರಿ ಮುಚ್ಚುವುದು, ಮಗಳು, ಫೋನಪ್ಪ. ನನ್ನ ಹರಕುಮುರುಕು ಹಿಂದಿಯಲ್ಲಿ ಅವನಿಗೆ ಎಷ್ಟು ಅರ್ಥವಾಯಿತೋ. ಮಗಳ ವಿಷಯ ಬಂದಾಗ ಅವನು ಚಹಾದ ಲೋಟ ಕೆಳಗಿಟ್ಟ. ಅವನಿಗೂ ಖಾರ್ತೂಮಿನಲ್ಲಿ ನಾಲ್ವರು ಹೆಣ್ಣುಮಕ್ಕಳಿದ್ದರು. ಎಲ್ಲರೂ ಫೋನಿನಲ್ಲೇ ಬೆಳೆದು, ಫೋನಿನಲ್ಲೇ ಮದುವೆಯ ಸುದ್ದಿ ಹೇಳಿದವರು. ಕೋಚಿಗೆ ಅವನು, ಹಳೆಯ ಬಟ್ಟೆ, ಇಟ್ಟು ಇಟ್ಟು ಗಟ್ಟಿಯಾಗಿತ್ತು ಎಂದಷ್ಟೇ ಹೇಳಿದ್ದನಂತೆ. "ಈ ಅಕ್ಕಿಯ ನೀರಿಗೆ ನಿಮ್ಮಲ್ಲಿ ಏನು ಹೇಳುತ್ತೀರಿ?" ಎಂದು ಕೇಳಿದ. ಹೇಳಿಕೊಟ್ಟೆ. ನಾಲ್ಕೈದು ಸಲ ಹೇಳಿ ಬಾಯಿಪಾಠ ಮಾಡಿಕೊಂಡ.

ಫೈನಲ್ ಅಬುಧಾಬಿಯಲ್ಲಿ ನಡೆಯಿತು. ಅಷ್ಟರಲ್ಲಿ ಹೊಸ ಅಂಗಿಗಳೂ ಬಂದಿದ್ದವು. ನಾನು ಬರೇ ಒಗೆದು, ಒಣಗಿಸಿ, ಮಡಚಿ ಕೊಟ್ಟೆ. ಟಿ.ವಿ.ಯ ಮುಂದೆ ಮೂವರೂ ಕುಳಿತೆವು. ದೊಡ್ಡ ತಂಡದ ಎದುರು ನಮ್ಮವರು ಚೆನ್ನಾಗಿಯೇ ಆಡಿ, ಒಂದು ಗೋಲಿನಿಂದ ಸೋತರು. ಯಾರೂ ಒಮ್ಮೆಯೂ ಕೆರೆದುಕೊಳ್ಳಲಿಲ್ಲ. ಹೆಂಡತಿ ಎದ್ದು ಹೋಗಿ ಸೂಟ್‌ಕೇಸು ಎಳೆದಳು. ಈ ಸಲ ನಾನು ಅದನ್ನು ಒಳಗೆ ತಳ್ಳಲಿಲ್ಲ. ಮಗಳ ಬೆಚ್ಚಗಿನ ಸ್ವೆಟರನ್ನು, ಊರಲ್ಲಾಗಲಿ ಇಲ್ಲಾಗಲಿ ಯಾವ ಉಪಯೋಗಕ್ಕೂ ಬಾರದ ಅದನ್ನು, ನಾನೇ ಮಡಚಿ ಕೊಟ್ಟೆ. ಮಗಳು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು.

ಮರುದಿನ ತಂಡ ರೂಮು ಖಾಲಿ ಮಾಡಿತು. ನಾನು ಮಷಿನುಗಳನ್ನು ಒರೆಸಿ, ಮ್ಯಾನೇಜರ್ ಕರೆಯುವುದನ್ನೇ ಕಾಯುತ್ತಿದ್ದೆ. ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಕರೆದ. ಕೂರಲು ಹೇಳಲಿಲ್ಲ. ನಿಂತಿದ್ದವನಿಗೇ ಹೇಳಿದ: ಕ್ಲಬ್ಬಿನ ಯಜಮಾನರು ನಮ್ಮ ಯಜಮಾನರಿಗೆ ಫೋನು ಮಾಡಿದ್ದಾರೆ. ಇನ್ನು ಮುಂದೆ ಅವರ ಎಲ್ಲ ತಂಡಗಳ ಬಟ್ಟೆಯೂ, ದೊಡ್ಡವರದ್ದು, ಮಕ್ಕಳದ್ದು, ವಾರಕ್ಕೆರಡು ಸಲ ಇಲ್ಲಿಗೇ ಬರುತ್ತದೆ. ಅವರ ಸಾಮಾನಿನ ಮುದುಕ ಬೇರೆ ಕಡೆ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಲಾಂಡ್ರಿ ಇರುತ್ತದೆ.

"ಒಂದು ಷರತ್ತು ಇದೆಯಂತೆ" ಎಂದು ಮ್ಯಾನೇಜರ್ ಚೀಟಿ ನೋಡಿ ಹುಬ್ಬು ಗಂಟಿಕ್ಕಿದ. "ಮಾಫಿ ಗಂಜಿ. ಮಾಫಿ ಅಂದರೆ ಇಲ್ಲ, ಸರಿ. ಈ ಗಂಜಿ ಎಂದರೇನು?"

ಅಕ್ಕಿಯ ನೀರು ಎಂದು ಹೇಳಿ ನಾನು ನೆಲಮಾಳಿಗೆಗೆ ಓಡಿದೆ. ಇಳಿಯುವಾಗ ಎರಡು ಮೆಟ್ಟಿಲು ತಪ್ಪಿತು. ಫೋನು ತಿರುಗಿಸಿದೆ. ಅರ್ಧ ರಿಂಗಿಗೇ ಮಗಳು ಎತ್ತಿದಳು. ಎಂದಿನಂತೆ ಪಾರಿವಾಳದ ಕಥೆ ಬರುತ್ತದೆಂದು ಕಾದೆ. ಬರಲಿಲ್ಲ.

"ಮಗಾ, ಒಂದು ಒಳ್ಳೆ ಸುದ್ದಿ ಉಂಟು" ಎಂದೆ.

"ಅಪ್ಪಾ, ಫೋನಲ್ಲಿ ಬೇಡ" ಎಂದಳು. "ಮನೆಗೆ ಬಂದು ಹೇಳು."

ಹಾಗೆಂದು ಅವಳೇ ಫೋನು ಇಟ್ಟಳು. ಡ್ಯೂಟಿ ಮುಗಿಯಲು ಇನ್ನೂ ಒಂದೂವರೆ ಗಂಟೆ ಇತ್ತು. ಇಸ್ತ್ರಿಯ ಸ್ವಿಚ್ ಆರಿಸಿದ್ದೆನೋ ಇಲ್ಲವೋ ಎಂದು ನನಗೆ ಯೋಚನೆ ಬಂದದ್ದು ಅಲ್ ನಹ್ದಾದ ಬಸ್ಸಿನಲ್ಲಿ ಕುಳಿತ ಮೇಲೆ.